ಕಾರವಾರದಲ್ಲಿ ಬೀಚ್ ಬಿಟ್ಟರೆ ನೋಡಲು ಏನಿದೆ? ಊರಿನ ಇತಿಹಾಸವೇನು?

ಕಾರವಾರವನ್ನು ಬರೀ ಬೀಚ್ ಎಂದುಕೊಂಡರೆ ಅರ್ಧ ಊರು ತಪ್ಪಿಹೋಗುತ್ತದೆ. ಇಲ್ಲಿನ ಕಥೆ ಶುರುವಾಗುವುದು ಕಾಳಿ ನದಿ ಕಡಲು ಸೇರುವ ಅಳಿವೆಯಿಂದ. ಘಟ್ಟದ ಕಾಳುಮೆಣಸು ಹಡಗು ಹತ್ತುತ್ತಿದ್ದುದು ಇಲ್ಲೇ. ಆ ಆಸೆಗೇ ಇಂಗ್ಲಿಷ್ ವರ್ತಕರು 1638ರಲ್ಲಿ ಬಂದು ಕೋಠಿ, ಅಂದರೆ ವ್ಯಾಪಾರದ ಠಾಣೆ, ತೆರೆದರು. ಆಗಿನ ಕಾರವಾರ ಇದ್ದದ್ದು ಕಡಲಿನಿಂದ ಒಳಕ್ಕೆ, ನದಿಯ ದಂಡೆಯಲ್ಲಿ, ಕಡವಾಡದ ಕಡೆ. ಈಗಿನ ಪೇಟೆ ಬೆಳೆದದ್ದು 1862ರಲ್ಲಿ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿದ ಮೇಲೆ.

ಮೊದಲು ಸದಾಶಿವಗಡಕ್ಕೆ ಹೋಗಿ. ಸೇತುವೆ ದಾಟಿದರೆ ಗೋವಾ ದಾರಿಯಲ್ಲೇ ಗುಡ್ಡ. ಸೋದೆ ಅರಸರು 18ನೇ ಶತಮಾನದ ಆರಂಭದಲ್ಲಿ ಕಟ್ಟಿದ ಕೋಟೆ ಇದು. ಗೋಡೆಗಳು ಹೆಚ್ಚು ಉಳಿದಿಲ್ಲ, ಆದರೆ ಸಂಜೆ ಮೇಲೆ ನಿಂತರೆ ನದಿ, ಕಡಲು, ದ್ವೀಪಗಳು ಒಟ್ಟಿಗೇ ಕಾಣುತ್ತವೆ. ಈ ಅಳಿವೆಗಾಗಿ ಅಷ್ಟು ಜನ ಯಾಕೆ ಹೊಡೆದಾಡಿದರು ಎಂಬುದು ಅಲ್ಲೇ ಅರ್ಥವಾಗುತ್ತದೆ.

ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರಿರುವುದು ಸುಮ್ಮನೆ ಅಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ಅವರು ಬಂದು ಉಳಿದಿದ್ದರು. ಆಗಿನ್ನೂ ಇಪ್ಪತ್ತೆರಡರ ತರುಣ. ಇಲ್ಲಿದ್ದಾಗಲೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಒಬ್ಬ ಮಹಾಕವಿಯ ಬರವಣಿಗೆಯಲ್ಲಿ ನಮ್ಮ ಕಡಲಿಗೂ ಪಾಲಿದೆ ಎಂದು ನೆನೆದರೆ ನನಗೆ ಇಂದಿಗೂ ಹೆಮ್ಮೆ.

ಅದೇ ದಂಡೆಯಲ್ಲಿ ನೌಕಾಪಡೆಯಿಂದ ನಿವೃತ್ತವಾದ ಚಪಲ್ ಕ್ಷಿಪಣಿ ನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ, ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಜನವರಿಯ ಹೊತ್ತಿಗೆ ಬಂದರೆ ಕೂರ್ಮಗಡದ ನರಸಿಂಹ ಜಾತ್ರೆ ತಪ್ಪಿಸಬೇಡಿ. ಮೀನುಗಾರರ ದೋಣಿಗಳು ಸಾಲಾಗಿ ಭಕ್ತರನ್ನು ಹೊತ್ತು ದ್ವೀಪಕ್ಕೆ ಹೊರಡುತ್ತವೆ.