ಪ್ರತಿಕ್ರಿಯೆ: ಮಿಡ್‌ವೈಫ್ ಸಿಸ್ಟರ್ ಹೆರಿಗೆ ಮಾಡಿಸಿದರೆ ಪರವಾಗಿಲ್ವಾ?

ಹೆಂಡತಿಗೆ ಎಂಟು ತಿಂಗಳು, ಮದ್ದೂರು ಕಡೆ ಇದ್ದೇವೆ, ಡಾಕ್ಟರ್ ಬದಲು ಮಿಡ್‌ವೈಫ್ ಹೆರಿಗೆ ಮಾಡಿಸಿದರೆ ನಂಬಬಹುದಾ ಅಂತ ಕೇಳಿದ್ದೀರಿ. ಬಿಪಿ, ಶುಗರ್, ಮಗು ಇರುವ ರೀತಿ ಎಲ್ಲ ಸರಿ ಅಂತ ಡಾಕ್ಟರ್ ಹೇಳಿದ್ದರೆ ಧಾರಾಳವಾಗಿ ನಂಬಿ. ಇವರು ಹಳೇ ಕಾಲದ ಸೂಲಗಿತ್ತಿಯರಲ್ಲ (ಅವರ ಕೈಗುಣಕ್ಕೂ ನಮಸ್ಕಾರ!). ನರ್ಸಿಂಗ್ ಓದಿದ ಮೇಲೆ, 2018ರ ಕೇಂದ್ರದ ಮಾರ್ಗಸೂಚಿಯಂತೆ 18 ತಿಂಗಳ ತರಬೇತಿ ಬೇರೆ.

ನನ್ನ ತಂಗಿಗೂ ಮಿಡ್‌ವೈಫ್ ಸಿಸ್ಟರೇ ಹೆರಿಗೆ ಮಾಡಿಸಿದ್ದು. ಸಿಸ್ಟರ್ ಪಕ್ಕದಲ್ಲೇ ಇದ್ದು ಬೆನ್ನು ನೀವಿದರು, ಓಡಾಡಿಸಿದರು. ಮಗು ಬಂದ ತಕ್ಷಣ ಒರೆಸಿ ತಾಯಿಯ ಎದೆ ಮೇಲೆ ಮಲಗಿಸಿದರು. ರಕ್ತ ಜಾಸ್ತಿ ಹೋಗದಿರಲಿ ಅಂತ ಒಂದೇ ನಿಮಿಷದಲ್ಲಿ ಆಕ್ಸಿಟೋಸಿನ್ ಇಂಜೆಕ್ಷನ್.

ಒಂದು ಮಾತ್ರ ಈಗಲೇ ಕೇಳಿಟ್ಟುಕೊಳ್ಳಿ. ತೊಂದರೆಯಾದರೆ ಎಲ್ಲಿಗೆ ಕಳಿಸುತ್ತಾರೆ, ಮಂಡ್ಯದ ಮಿಮ್ಸ್ ಆಸ್ಪತ್ರೆಗಾ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಾ? ತಾಯಿ ಕಾರ್ಡ್ ಬ್ಯಾಗಿನಲ್ಲೇ ಇರಲಿ. ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ ಸುಮ್ನೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.