ಮುತ್ತಜ್ಜನ ಜನನ ದಾಖಲೆ ಸಿಗದಿದ್ದರೆ ಅವರ ತಾಯಿಯ ಮನೆಯಿಂದ ಹುಡುಕಿ

1920ರ ಆಸುಪಾಸಿನಲ್ಲಿ ಉಡುಪಿ ತಾಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದ ನಿಮ್ಮ ಮುತ್ತಜ್ಜನ ಹೆಸರು ಜನನ ನೋಂದಣಿ ಪುಸ್ತಕದಲ್ಲಿ ಇಲ್ಲವೆಂಬ ಹಿಂಬರಹ ಬಂದಿದೆ, ಇನ್ನು ವಂಶದ ಜಾಡು ಹಿಡಿಯುವುದು ಹೇಗೆ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿದ್ದುಕೊಂಡು ನನ್ನ ಅಜ್ಜನ ವಿಷಯದಲ್ಲಿ ಇದೇ ಹುಡುಕಾಟವನ್ನು ಎರಡು ವರ್ಷ ನಡೆಸಿದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೆಸರು ಇಲ್ಲವೆಂದ ಮಾತ್ರಕ್ಕೆ ದಾಖಲೆ ಇಲ್ಲವೆಂದು ತಿಳಿಯಬೇಡಿ. ಆಗ ಮಗು ಹುಟ್ಟಿದ ಸುದ್ದಿ ಗ್ರಾಮದ ಅಧಿಕಾರಿಗೆ ಮುಟ್ಟುವಾಗ ನಾಮಕರಣವೇ ಆಗಿರುತ್ತಿರಲಿಲ್ಲ. ನನಗೆ ಕೊನೆಗೆ ಸಿಕ್ಕ ಸಾಲಿನಲ್ಲಿ ಇದ್ದದ್ದು ‘ಗಂಡು’ ಎಂಬ ಒಂದು ಶಬ್ದ, ತಂದೆಯ ಹೆಸರು ಮತ್ತು ಊರು; ಮಗುವಿನ ಹೆಸರಿನ ಕಾಲಂ ಖಾಲಿಯಾಗಿಯೇ ಇತ್ತು. ಆದ್ದರಿಂದ ಮುತ್ತಜ್ಜನ ಹೆಸರನ್ನು ಬಿಟ್ಟು, ಅವರ ತಂದೆಯ ಹೆಸರು ಮತ್ತು ಗ್ರಾಮವನ್ನು ಕೊಟ್ಟು, ಹಿಂದಿನ ಮುಂದಿನ ಮೂರು ಮೂರು ವರ್ಷಗಳ ಪುಸ್ತಕಗಳನ್ನು ಹುಡುಕಿಸಲು ಅರ್ಜಿ ಹಾಕಿ. ಉಡುಪಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಹಳೆಯ ಕಡತಗಳ ಬಗ್ಗೆ ಮಂಗಳೂರಿನಲ್ಲಿಯೂ ವಿಚಾರಿಸುವುದು ಒಳ್ಳೆಯದು.

ಆದರೆ ನಮ್ಮ ಜಿಲ್ಲೆಯಲ್ಲಿ ಮನುಷ್ಯನ ಗುರುತು ಹುಟ್ಟಿನ ಪುಸ್ತಕಕ್ಕಿಂತ ಭೂಮಿಯ ಕಾಗದದಲ್ಲಿ ಹೆಚ್ಚು ಭದ್ರವಾಗಿ ಉಳಿದಿದೆ ಎಂಬುದು ನನ್ನ ಅನುಭವ. ನಿಮ್ಮದು ಅಳಿಯಸಂತಾನದ, ಎಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ, ಕುಟುಂಬವಾಗಿದ್ದರೆ ಮುತ್ತಜ್ಜನನ್ನು ಅವರ ತಂದೆಯ ಮನೆಯ ಕಾಗದಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಅವರು ಸೇರಿದ್ದು ತಾಯಿಯ ಕುಟುಂಬಕ್ಕೆ, ಅವರ ಪಾಲು ಬಂದದ್ದು ಸೋದರಮಾವ ಯಜಮಾನನಾಗಿದ್ದ ಮನೆಯಿಂದ. ನಾನು ಮೊದಲ ಒಂದು ವರ್ಷವನ್ನು ಕಳೆದುಕೊಂಡದ್ದು ಇಲ್ಲಿಯೇ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಬಂದ ಮೇಲೆ ಕುಟುಂಬದ ಆಸ್ತಿಯನ್ನು ಕವರುಗಳಿಗೆ, ಎಂದರೆ ಹೆಣ್ಣಿನಿಂದ ಬೆಳೆದ ಕವಲುಗಳಿಗೆ, ಪಾಲು ಮಾಡುವ ದಾರಿ ತೆರೆಯಿತು. ಅಂಥ ವಿಭಾಗಪತ್ರದ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಕ್ಕಿದರೆ ಅದರಷ್ಟು ಬೆಲೆಯುಳ್ಳ ಕಾಗದ ಬೇರೊಂದಿಲ್ಲ. ನಮ್ಮ ಮನೆಯ 1951ರ ಪತ್ರದಲ್ಲಿ ನಾಲ್ಕು ತಲೆಮಾರಿನವರ ಹೆಸರುಗಳಿವೆ, ಎಲ್ಲರ ಮೇಲೆ ನಿಂತವಳು ಒಬ್ಬ ಹೆಂಗಸು, ಮತ್ತು ಪ್ರತಿಯೊಬ್ಬರ ಹೆಸರಿನ ಮುಂದೆ ‘ಪ್ರಾಯ ಸುಮಾರು’ ಎಂದು ಬರೆದಿದ್ದಾರೆ. ನಾನು ಹೆಸರನ್ನೇ ಕೇಳಿರದ ಆ ಹಿರಿಯಳನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ವಂತ ಭೂಮಿ ಇಲ್ಲದೆ ಒಕ್ಕಲಾಗಿದ್ದವರ ಮನೆಯಾದರೆ, 1974ರ ಭೂಸುಧಾರಣೆಯ ಬಳಿಕ ಭೂಮಿಯ ಹಕ್ಕು ಕೇಳಿ ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿಯ, ಎಂದರೆ ಡಿಕ್ಲರೇಶನಿನ, ಕಡತವನ್ನು ಕೇಳಿ. ಯಾರ ಕಾಲದಿಂದ ಗೇಣಿಗೆ ಸಾಗುವಳಿ ಮಾಡುತ್ತಿದ್ದೇವೆ ಎಂಬ ಹೇಳಿಕೆಯಲ್ಲಿ ಹಿರಿಯರ ಹೆಸರು ಬಂದಿರುತ್ತದೆ. ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ಜ್ಞಾನಸ್ನಾನದ ಪುಸ್ತಕವೇ ಮೊದಲ ಆಧಾರ.

ಪ್ರಾಯವನ್ನು ಮಾತ್ರ ಒಂದೇ ಕಾಗದದಿಂದ ನಿರ್ಧರಿಸಬೇಡಿ. ತಲೆಯ ಮೇಲಿನಿಂದ ಕೈ ತಂದು ಆಚೆಯ ಕಿವಿ ಮುಟ್ಟಿದ ಮಗುವಿಗೆ ಶಾಲೆಯ ಅಧ್ಯಾಪಕರು ಒಂದು ಜೂನ್ ತಿಂಗಳ ದಿನಾಂಕ ಬರೆದುಕೊಳ್ಳುತ್ತಿದ್ದ ಕಾಲವದು. ನನ್ನ ಅಜ್ಜನಿಗೆ ಶಾಲೆಯ ಪುಸ್ತಕ 1921 ಎನ್ನುತ್ತಿತ್ತು, ವಿಭಾಗಪತ್ರದ ಪ್ರಾಯವೂ ಅದಕ್ಕೇ ಹೊಂದುತ್ತಿತ್ತು. ಆದರೆ ಜೋಯಿಸರು ಬರೆದ ಜಾತಕದ ಹಾಳೆಯಲ್ಲಿ ದುಂದುಭಿ ಸಂವತ್ಸರ, ಕುಂಭ ಮಾಸ ಎಂದಿತ್ತು. ಎಂದರೆ 1923ರ ಫೆಬ್ರುವರಿ ನಡುವಿನಿಂದ ಮಾರ್ಚ್ ನಡುವಿನವರೆಗಿನ ಅವಧಿ. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಒಂದು ಸುತ್ತು ತಪ್ಪದಂತೆ ನೋಡಿಕೊಳ್ಳಬೇಕು. ತೊಂಬತ್ತು ದಾಟಿದ ನನ್ನ ದೊಡ್ಡಮ್ಮನನ್ನು ಕೇಳಿದಾಗ, ತುಳುವರ ಆಟಿ ತಿಂಗಳಲ್ಲಿ ನೇತ್ರಾವತಿ ಉಕ್ಕಿ ‘ಮಾರಿ ಬೊಳ್ಳ’ ಎಂಬ ಮಹಾ ನೆರೆ ಬಂದಾಗ ಅಜ್ಜ ಇನ್ನೂ ಕೂರಲು ಕಲಿಯದ ಕೂಸಾಗಿದ್ದರೆಂದೂ, ಅವರನ್ನು ಗೆರಸೆಯಲ್ಲಿ ಮಲಗಿಸಿಕೊಂಡು ದೋಣಿ ಹತ್ತಿದರೆಂದೂ ತನ್ನ ತಾಯಿ ಹೇಳುತ್ತಿದ್ದುದನ್ನು ನೆನಪಿಸಿಕೊಂಡರು. ಆ ನೆರೆ ಬಂದದ್ದು 1923ರ ಆಗಸ್ಟಿನಲ್ಲಿ. ಜಾತಕವೇ ಸರಿ ಎಂದು ನಾನು ಒಪ್ಪಿಕೊಂಡದ್ದು ಆಗ, ಮತ್ತು ಖಾಲಿ ಕಾಲಮಿನ ಆ ಸಾಲು ಸಿಕ್ಕಿದ್ದೂ ಆ ವರ್ಷದ ಪುಸ್ತಕವನ್ನು ತೆರೆಸಿದ ಮೇಲೆಯೇ.

ಇನ್ನೊಂದು ಅರ್ಜಿ ಬರೆಯುವ ಮೊದಲು, ನಿಮ್ಮ ಕುಟುಂಬದ ಅತ್ಯಂತ ಹಿರಿಯ ಹೆಂಗಸಿನ ಬಳಿ ಕುಳಿತು ಮೂರು ವಿಷಯ ಕೇಳಿ: ಮುತ್ತಜ್ಜನ ತಾಯಿಯ ಹೆಸರೇನು, ಅವರ ‘ಬಳಿ’ (ತಾಯಿಯಿಂದ ಬರುವ ಕುಲದ ಹೆಸರು) ಯಾವುದು, ಕುಟುಂಬದ ಮೂಲಮನೆಯವರು ನಾಗನನ್ನು ಪೂಜಿಸುವ ನಾಗಬನ ಇರುವುದು ಯಾವ ಊರಿನಲ್ಲಿ. ನಾಗಬನದ ಊರು ಗೊತ್ತಾದರೆ ಯಾವ ಉಪನೋಂದಣಿ ಕಚೇರಿಗೆ ಹೋಗಬೇಕೆಂಬುದು ತಾನಾಗಿ ತಿಳಿಯುತ್ತದೆ.