ಕೀಲು ಎಷ್ಟು ವರ್ಷ ಬಾಳುತ್ತದೆ?

ಓದುಗರ ಪತ್ರ: ಸೊಂಟದ ಕೀಲು ಬದಲಾವಣೆಯ ತೊಡಕುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ನನ್ನ ತಾಯಿ ಎರಡು ಸಲ ಓದಿದರು. ಅವರಿಗೆ 72 ವರ್ಷ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಈಗ ಬೇಡವೇ ಬೇಡ ಎನ್ನುತ್ತಿದ್ದಾರೆ. ‘25 ವರ್ಷದೊಳಗೆ ನೂರರಲ್ಲಿ 42 ಕೀಲು ಕೆಡುತ್ತವೆ’ ಎಂದು ದಪ್ಪಕ್ಷರದಲ್ಲಿ ಬಾಕ್ಸ್ ಹಾಕಿದ್ದೀರಿ. ಇಂಥ ಸಂಶೋಧನೆಗಳನ್ನು ವೈದ್ಯರು ತಮ್ಮೊಳಗೆ ಚರ್ಚಿಸಿಕೊಳ್ಳಲಿ. ಶಸ್ತ್ರಚಿಕಿತ್ಸೆಗೆ ಮಲಗಬೇಕಾದವರಿಗೆ ಅದನ್ನೇಕೆ ಹೇಳುತ್ತೀರಿ?

ಸಂಪಾದಕರ ಉತ್ತರ: ಮಾನ್ಯರೇ, ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಆ ಅರ್ಧವನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಬಾಕ್ಸ್ ಬರೆದವನು ನಾನು, ಲೇಖಕರಲ್ಲ. 2019ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜಿನಂತೆ, ಹಾಕಿದ ನೂರು ಕೀಲುಗಳಲ್ಲಿ ಸುಮಾರು 89 ಹದಿನೈದು ವರ್ಷ ಬಾಳುತ್ತವೆ, 70 ಇಪ್ಪತ್ತು ವರ್ಷ, 58 ಇಪ್ಪತ್ತೈದು ವರ್ಷ. ಲೇಖಕರು ಮೂರನ್ನೂ ಕೊಟ್ಟಿದ್ದರು. ನಾನು ಕೊನೆಯದನ್ನು ಹೆಕ್ಕಿ, ನೂರರಿಂದ ಕಳೆದು, ಉಳಿದದ್ದನ್ನು ದಪ್ಪಕ್ಷರ ಮಾಡಿದೆ. ಲೆಕ್ಕ ಸರಿಯಿತ್ತು, ಸಂಪಾದನೆ ಕೆಟ್ಟಿತ್ತು.

ಆ ಅಂಕಿಯ ಒಳಗೆ ಯಾರಿದ್ದಾರೆ ಎಂಬುದನ್ನಾದರೂ ನಾನು ಹೇಳಬೇಕಿತ್ತು. ಕೀಲು ಹಾಕಿಸಿಕೊಂಡು ಕಾಲು ಶತಮಾನ ಬದುಕಿದವರೆಂದರೆ ಹೆಚ್ಚಿನವರು ಚಿಕ್ಕ ವಯಸ್ಸಿನಲ್ಲೇ ಹಾಕಿಸಿಕೊಂಡವರು, ಹೆಚ್ಚು ಓಡಾಡಿದವರು, ಹೆಚ್ಚು ಸವೆಸಿದವರು. ಅವರ ಕೀಲುಗಳೂ ಹಳೆಯ ಕಾಲದವು. ಕೃತಕ ಕೀಲೆಂದರೆ ತೊಡೆಮೂಳೆಯ ತುದಿಗೆ ಒಂದು ಗುಂಡು, ಅದು ತಿರುಗಲು ಸೊಂಟದಲ್ಲಿ ಒಂದು ಬಟ್ಟಲು. ಈಗ ಬಳಸುವ, ಬೇಗ ಸವೆಯದ ಸುಧಾರಿತ ಪಾಲಿಎಥಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಬಟ್ಟಲು ಬಳಕೆಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. ನಿಮ್ಮ ತಾಯಿಗೆ ಹೊಂದುವ ಲೆಕ್ಕ ಬೇರೆ ಇದೆ. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದು, ಉಳಿದ ಆಯುಷ್ಯದಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾಗುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕಿತು. 50 ದಾಟಿದ ಹೊಸತರಲ್ಲೇ ಕೀಲು ಹಾಕಿಸಿಕೊಂಡ ಗಂಡಸರಲ್ಲಿ ಅದು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ. ಎಪ್ಪತ್ತು ದಾಟಿದವರಲ್ಲಿ, ಹೆಂಗಸಾಗಲಿ ಗಂಡಸಾಗಲಿ, ನೂರಕ್ಕೆ ಸುಮಾರು 5. ಈ ಸಾಲನ್ನು ದಯವಿಟ್ಟು ಅವರಿಗೆ ಓದಿ ಹೇಳಿ.

ಇನ್ನು ನಾನು ಒಪ್ಪದ ಅರ್ಧ. ತೊಡಕುಗಳನ್ನು ವೈದ್ಯರೊಳಗೇ ಇಟ್ಟುಕೊಳ್ಳಬೇಕು ಎನ್ನುತ್ತೀರಿ. ಈ ಶಸ್ತ್ರಚಿಕಿತ್ಸೆ ಇಂದು ನಂಬಿಕೆಗೆ ಅರ್ಹವಾಗಿದ್ದರೆ, ಕೆಟ್ಟುಹೋದ ಕೀಲುಗಳನ್ನು ಒಬ್ಬರಲ್ಲ ಒಬ್ಬರು ಬಚ್ಚಿಡದೆ ಎಣಿಸಿದ್ದರಿಂದ. ಜಾನ್ ಚಾರ್ನ್ಲಿ ಎಂಬ ಇಂಗ್ಲಿಷ್ ಮೂಳೆವೈದ್ಯ ಮೊದಲು ಬಟ್ಟಲಿಗೆ ಆರಿಸಿಕೊಂಡದ್ದು ಟೆಫ್ಲಾನ್. ಸುಮಾರು 300 ಮಂದಿಗೆ ಹಾಕಿದರು. ನೋವಿಲ್ಲದೆ ನಡೆದು ಹೋದವರು ಕೆಲವೇ ವರ್ಷಗಳಲ್ಲಿ ಕುಂಟುತ್ತಾ ಮರಳಿ ಬಂದರು. ಬಿಚ್ಚಿ ನೋಡಿದರೆ ಲೋಹದ ಗುಂಡು ಬಟ್ಟಲನ್ನು ಕೊರೆದಿತ್ತು, ಉದುರಿದ ಪುಡಿಗೆ ಸುತ್ತಲಿನ ಮಾಂಸ ಕೆರಳಿತ್ತು. ಅದು ಪುಡಿಯದೇ ಕೆಲಸವೇ ಎಂದು ತಿಳಿಯಲು ಚಾರ್ನ್ಲಿ ಟೆಫ್ಲಾನನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ನೋಡಿದರು. ಈ ನಡುವೆ ಒಬ್ಬ ಮಾರಾಟಗಾರ ಮಗ್ಗದ ಹಲ್ಲುಚಕ್ರಕ್ಕೆ ಬಳಸುವ ಪಾಲಿಎಥಿಲೀನ್ ತುಂಡೊಂದನ್ನು ತಂದ. ಚಾರ್ನ್ಲಿ ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ, ಇದು ಆಗದ ಮಾತು ಎಂದು ಬದಿಗಿಟ್ಟರು. ಅವರ ಸಹಾಯಕ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಸವೆತದ ಯಂತ್ರಕ್ಕೆ ಸಿಕ್ಕಿಸಿದ. ಮೂರು ವಾರ ಹಗಲೂ ರಾತ್ರಿ ಓಡಿದರೂ, ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಅದು ಸವೆದಿರಲಿಲ್ಲ. 1962ರ ನವೆಂಬರಿನಲ್ಲಿ ಮೊದಲ ಪಾಲಿಎಥಿಲೀನ್ ಬಟ್ಟಲು ಕೂಡಿಸಿದರು. ಇಂದಿಗೂ ಹೆಚ್ಚಿನ ಕೀಲುಗಳು ಅದರ ವಂಶದವೇ. (ಇಲ್ಲಿ ನನ್ನ ಮೆಚ್ಚುಗೆ ಕ್ರೇವನ್‌ಗೆ ಒಂದು ಕೈ ಹೆಚ್ಚು.)

ಒಬ್ಬ ವೈದ್ಯರ ಕಣ್ಣಿಗೆ ಬೀಳದ್ದು ದೇಶದ ದಾಖಲೆಯಲ್ಲಿ ಬೀಳುತ್ತದೆ. ಸ್ವೀಡನ್ 1979ರಿಂದ ಸೊಂಟದ ಕೀಲುಗಳ ನೋಂದಣಿ ಇಟ್ಟಿದೆ, ಅಂದರೆ ಯಾವ ಕೀಲು ಹಾಕಿದರು, ಯಾವುದು ಕೆಟ್ಟಿತು ಎಂಬ ಲೆಕ್ಕ. ಲೋಹದ ಗುಂಡಿಗೆ ಲೋಹದ್ದೇ ಬಟ್ಟಲಿದ್ದ ‘ಎಎಸ್‌ಆರ್’ ಕೀಲು ಬೇಗ ಕೆಡುತ್ತಿದೆ ಎಂಬುದನ್ನು ಆಸ್ಟ್ರೇಲಿಯಾದ ನೋಂದಣಿ 2007ರಲ್ಲೇ ಗುರುತಿಸಿತ್ತು. ತಯಾರಿಸಿದ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದದ್ದು 2010ರ ಆಗಸ್ಟಿನಲ್ಲಿ. ನಡುವಿನ ಆ ಮೂರು ವರ್ಷಗಳಲ್ಲಿ ಕೀಲು ಹಾಕಿಸಿಕೊಂಡವರನ್ನು ನೆನೆದರೆ, ಇಂಥ ವಿಷಯ ತಜ್ಞರ ನಡುವೆಯೇ ಇರಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ರೋಗಿಗೆ ಗೊತ್ತಿರುವುದರಿಂದ ಕೀಲೇ ಉಳಿಯುವ ಸಂದರ್ಭವೂ ಇದೆ. ಸೋಂಕು ತಗಲುವುದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ. ಆದರೆ ಬ್ಯಾಕ್ಟೀರಿಯಾ ಲೋಹದ ಮೇಲೆ ಲೋಳೆಯಂಥ ಪೊರೆ ಕಟ್ಟಿಕೊಂಡು ಕೂತವೆಂದರೆ ಔಷಧ ಅಲ್ಲಿಗೆ ಸರಿಯಾಗಿ ನಾಟುವುದಿಲ್ಲ. ಬೇಗ ಗೊತ್ತಾದರೆ ಗಾಯ ಬಿಚ್ಚಿ ತೊಳೆದು ಕೀಲನ್ನು ಉಳಿಸಿಕೊಳ್ಳಬಹುದು. ತಡವಾದರೆ ಅದನ್ನೇ ಕಿತ್ತು ಹಾಕಬೇಕಾಗುತ್ತದೆ. ಆದ್ದರಿಂದ ಹೊಲಿಗೆಯ ಜಾಗದಿಂದ ದಿನಗಟ್ಟಲೆ ನೀರು ಒಸರುತ್ತಿದ್ದರೆ ಮನೆಯಲ್ಲಿದ್ದ ಆಂಟಿಬಯೊಟಿಕ್ ಮಾತ್ರೆ ನುಂಗಿ ಕಾಯಬಾರದು. ಅದು ಸೋಂಕನ್ನು ಮರೆಮಾಡುತ್ತದೆ. ಶಸ್ತ್ರಚಿಕಿತ್ಸೆ ಮಾಡಿದವರಿಗೇ ತೋರಿಸಬೇಕು. ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡರೆ, ಕಾಲು ಥಟ್ಟನೆ ಗಿಡ್ಡವಾಗಿ ತಿರುಚಿಕೊಂಡು ಊರಲಾಗದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಮೊದಲ ಎರಡು ಲಕ್ಷಣ ರಕ್ತ ಹೆಪ್ಪುಗಟ್ಟಿರಬಹುದು ಎನ್ನುತ್ತವೆ, ಮೂರನೆಯದು ಗುಂಡು ಬಟ್ಟಲಿನಿಂದ ಜಾರಿರಬಹುದು ಎನ್ನುತ್ತದೆ. ಜಾರುವುದು ಮೊದಲ ಕೆಲವು ತಿಂಗಳಲ್ಲೇ ಹೆಚ್ಚು.

ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ನಿಮ್ಮ ತಾಯಿ ಮತ್ತು ಅವರ ವೈದ್ಯರು ಮಾತಾಡಿ ತೀರ್ಮಾನಿಸಲಿ. ರಾತ್ರಿ ನೋವು ನಿದ್ದೆ ಕೆಡಿಸುತ್ತಿದೆಯೇ, ಎಷ್ಟು ದೂರ ನಡೆಯಬಲ್ಲರು, ವೈದ್ಯರು ಹಾಕಲಿರುವ ಕೀಲಿನ ಬಗ್ಗೆ ನೋಂದಣಿಗಳು ಏನು ಹೇಳುತ್ತವೆ ಎಂದು ಕೇಳಿ ಮಾತಾಡಲಿ. ನನ್ನ ಬಾಕ್ಸ್ ಆ ಮಾತಿನ ನಡುವೆ ಬರಬಾರದು. ಅದರ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ, ಅಷ್ಟೇ ದಪ್ಪಕ್ಷರದಲ್ಲಿ.